ದೊಡ್ಡಮ್ಮ ಒಂದೇ ರಾತ್ರಿಯಲ್ಲಿ ಗುಣವಾಗುವುದು ಬೇಡ

ನಮಸ್ಕಾರ.

ನಿಮ್ಮ ‘ಬಿಳಿ ಮಾತ್ರೆ’ ಕಥೆ ತಲುಪಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅನ್ನಲೂ ಮನಸ್ಸಿಲ್ಲ, ಯಾಕೆಂದರೆ ಮೊದಲ ಎರಡು ಪುಟ ಅಷ್ಟು ಚೆನ್ನಾಗಿವೆ. 2018ರ ಆಗಸ್ಟ್ ಮಳೆ, ಕೊಡಗಿನ ಮಕ್ಕಂದೂರಿನ ಹತ್ತಿರ ತೋಟದ ಸಮೇತ ಜಾರಿ ಹೋದ ಮನೆ, ಪರಿಹಾರ ಕೇಂದ್ರದಲ್ಲಿ ಯಾರದೋ ಸೀರೆ ಉಟ್ಟು ಕೂತ ದೊಡ್ಡಮ್ಮ. ಅವಳು ಆ ಸೆರಗನ್ನು ಮತ್ತೆ ಮತ್ತೆ ಮೂಸಿ ನೋಡುತ್ತಾಳೆ ಅಂತ ಬರೆದಿದ್ದೀರಲ್ಲ, ಅಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ತೊಂದರೆ ಮೂರನೇ ಪುಟದಿಂದ ಶುರು. ಡಿಸೆಂಬರ್ ಹೊತ್ತಿಗೆ ದೊಡ್ಡಮ್ಮ ಊಟ ಬಿಟ್ಟಿದ್ದಾಳೆ, ಮಾತು ಬಿಟ್ಟಿದ್ದಾಳೆ. ಮಡಿಕೇರಿಯ ಡಾಕ್ಟರು ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆ ಬರೆದುಕೊಡುತ್ತಾರೆ. ರಾತ್ರಿ ಒಂದು ಮಾತ್ರೆ ನುಂಗಿ ಮಲಗಿದವಳು ಬೆಳಿಗ್ಗೆ ಹಾಡು ಗುನುಗುತ್ತಾ ಕಡುಬು ಬೇಯಿಸುತ್ತಾಳೆ. ‘ಮೆದುಳಿನಲ್ಲಿ ಖಾಲಿಯಾಗಿದ್ದ ಸೆರೊಟೊನಿನ್ ತುಂಬಿ ಬಂತು’ ಅಂತ ಕಾರಣವನ್ನೂ ಕೊಟ್ಟಿದ್ದೀರಿ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಉಂಡರೆ ಮರುದಿನ ಮೂತ್ರ ಕೆಂಪಾಗುತ್ತದೆ. ಮದ್ದು ಮೈಗೆ ಹಿಡಿಯಿತು ಅಂತ ಗೊತ್ತಾಗುವುದೇ ಹಾಗೆ ಎಂದುಕೊಂಡು ಬೆಳೆದವರು ನಾವು. ಈ ಮಾತ್ರೆ ಹಾಗೆ ಬೆಳಗಾಗುವುದರೊಳಗೆ ಗುರುತು ತೋರಿಸುವುದಿಲ್ಲ. ನರಕೋಶವೊಂದು ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸಲು ನಡುವಿನ ಸಂದಿಗೆ ಸೆರೊಟೊನಿನ್ ಎಂಬ ರಾಸಾಯನಿಕ ಬಿಡುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಎಳೆದುಕೊಳ್ಳುತ್ತದೆ. ಮಾತ್ರೆ ತಡೆಯುವುದು ಈ ಎಳೆದುಕೊಳ್ಳುವುದನ್ನು. ಹೊರಗಿನಿಂದ ಏನನ್ನೂ ತುಂಬುವುದಿಲ್ಲ. ತಡೆ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ, ಆದರೆ ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು ಹೀಗಿದೆ. ಸೆರೊಟೊನಿನ್ ಬಿಡುವ ಕೋಶದ ಮೇಲೂ ಅದನ್ನು ಗುರುತಿಸುವ 5-ಎಚ್‌ಟಿ1ಎ ಎಂಬ ರಿಸೆಪ್ಟರ್‌ಗಳಿವೆ. ಹೊರಗೆ ಜಾಸ್ತಿಯಾಯಿತು ಅಂತ ಅವಕ್ಕೆ ತಿಳಿದ ಕೂಡಲೇ ಕೋಶ ಕೈ ಬಿಗಿ ಮಾಡುತ್ತದೆ. ವಾರಗಳು ಕಳೆದಂತೆ ಆ ರಿಸೆಪ್ಟರ್‌ಗಳ ಚುರುಕು ತಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ. (ನೀವು ಎಲ್ಲಾ ಕಡೆ ‘ಗ್ರಾಹಕ’ ಅಂತ ಬರೆದಿದ್ದೀರಿ. ಓದುವವರಿಗೆ ಅಂಗಡಿಗೆ ಬಂದವರು ನೆನಪಾಗುತ್ತಾರೆ. ರಿಸೆಪ್ಟರ್ ಅಂತಲೇ ಬರೆಯಿರಿ.)

‘ಖಾಲಿಯಾಗಿತ್ತು’ ಅನ್ನುವ ಮಾತನ್ನೂ ತೆಗೆಯಿರಿ. ಖಿನ್ನತೆ ಅಂದರೆ ಸೆರೊಟೊನಿನ್ ಕೊರತೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ ಅಂತ 2022ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದು ಹೇಳಿತು. ಹಾಗಂತ ಮಾತ್ರೆ ಸುಳ್ಳು ಅಂತಲ್ಲ. 2018ರ ಇನ್ನೊಂದು ಪರಿಶೀಲನೆಯಲ್ಲಿ 21 ಖಿನ್ನತೆಯ ಔಷಧಗಳೂ ಬರೀ ಸಕ್ಕರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ಕಂಡಿತ್ತು. ಸರಾಸರಿಯಲ್ಲಿ ಆ ವ್ಯತ್ಯಾಸ ದೊಡ್ಡದೇನಲ್ಲ. ಎರಡೂ ನಿಜ. ಓದುಗರಿಗೆ ಎರಡನ್ನೂ ತಿಳಿಯುವ ಹಕ್ಕಿದೆ, ಅಲ್ವಾ?

ಈಗ ನನಗೆ ಮುಖ್ಯ ಅನ್ನಿಸಿದ ಮಾತು. ನೀವು ಒಂದೇ ಸಾಲಲ್ಲಿ ಹಾರಿದ ಆ ಮೂರು ನಾಲ್ಕು ವಾರಗಳಲ್ಲೇ ನಿಮ್ಮ ಕಥೆ ಇದೆ. ಮೈಯಲ್ಲಿರುವ ಸೆರೊಟೊನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಿನಲ್ಲಿ. 1930ರ ದಶಕದಲ್ಲಿ ಇಟಲಿಯ ವಿಜ್ಞಾನಿ ಎರ್‌ಸ್ಪಾಮರ್‌ಗೆ ಅದು ಮೊದಲು ಸಿಕ್ಕಿದ್ದೂ ಹೊಟ್ಟೆಯ ಒಳಪದರದಲ್ಲೇ. ಹಾಗಾಗಿ ಎಷ್ಟೋ ಜನರಿಗೆ ಮಾತ್ರೆ ಮೊದಲು ತಿಳಿಯುವುದು ಹೊಟ್ಟೆಗೆ. ಕರುಳಿನ ನರಗಳಲ್ಲಿರುವ 5-ಎಚ್‌ಟಿ3 ರಿಸೆಪ್ಟರ್ ಕೆರಳಿದರೆ ಓಕರಿಕೆ ಬರುತ್ತದೆ. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮುಚ್ಚುವುದು ಅದೇ ರಿಸೆಪ್ಟರನ್ನು. ನಿಮ್ಮ ಕಥೆ ನಡೆಯುವುದು ಕೊಯ್ಲಿನ ಹೊತ್ತಿನಲ್ಲಿ. ಪಕ್ಕದವರ ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆಗೆ ದೊಡ್ಡಮ್ಮನಿಗೆ ಹೊಟ್ಟೆ ತೊಳಸಲಿ. ಹುಟ್ಟಿದಾಗಿನಿಂದ ಬಲ್ಲ ವಾಸನೆ ಅದು. ರಾತ್ರಿ ನಿದ್ದೆ ಬಾರದೆ ಬೆವರಲಿ. ‘ಇದು ಬೇಡ ನನಗೆ’ ಅಂತ ಐದನೇ ದಿನ ಮಾತ್ರೆಯ ಪಟ್ಟಿಯನ್ನು ನಿಮ್ಮ ಕೈಗೆ ವಾಪಸ್ ಕೊಡಲಿ. ಆಗ ಮನೆಯವರು ಏನು ಮಾಡುತ್ತಾರೆ? ಅದನ್ನು ಬರೆಯಿರಿ. ಮಾತನ್ನು ಮನೆಯಲ್ಲಿ ಆಡುವ ಅರೆಭಾಷೆಯಲ್ಲೇ ಇಡಿ. ಈಗ ಅವಳು ಪಠ್ಯಪುಸ್ತಕದ ಹಾಗೆ ಮಾತಾಡುತ್ತಾಳೆ.

ಸಣ್ಣ ತಿದ್ದುಪಡಿಗಳು ಕೆಲವಿವೆ. ಬಾಳೆಹಣ್ಣಿನಲ್ಲಿ ಸೆರೊಟೊನಿನ್ ಇರುವುದು ಹೌದು, ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಆ ಸಾಲು ಹೋಗಲಿ. ಕಾಫಿ ಬಿಡಿ ಅಂತ ಡಾಕ್ಟರ ಬಾಯಲ್ಲಿ ಹೇಳಿಸಿದ್ದೀರಿ. ಆ ಎಚ್ಚರಿಕೆ ಹೆಚ್ಚು ಬೇಕಾಗುವುದು ಫ್ಲುವೊಕ್ಸಮೈನ್ ಎಂಬ ಬೇರೆ ಮಾತ್ರೆಗೆ. ಅದು ಯಕೃತ್ತಿನಲ್ಲಿ ಕೆಫೀನ್ ಕರಗುವುದನ್ನು ತುಂಬಾ ನಿಧಾನ ಮಾಡುತ್ತದೆ. ಇನ್ನು, ಮೊಣಕಾಲು ನೋವಿಗೆ ಅವಳು ಅಂಗಡಿಯಿಂದ ಐಬುಪ್ರೊಫೆನ್ ತರಿಸುವುದನ್ನು ಸುಮ್ನೆ ಬಿಡಬೇಡಿ. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಸೆರೊಟೊನಿನ್ ಬೇಕು, ಎಸ್ಸಿಟಾಲೊಪ್ರಾಮ್ ಅವು ಅದನ್ನು ಎಳೆದುಕೊಳ್ಳುವುದನ್ನೂ ತಡೆಯುತ್ತದೆ. ಈ ಎರಡು ಮಾತ್ರೆ ಒಟ್ಟಿಗಾದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಡಾಕ್ಟರು ಅದನ್ನು ಕೇಳಿ ತಿಳಿಯುವ ಒಂದು ಮಾತು ಸೇರಿಸಿ.

ಕೊನೆಯ ದೃಶ್ಯದ ಬಗ್ಗೆ ನಾನು ರಾಜಿಯಾಗುವುದಿಲ್ಲ. ದೊಡ್ಡಮ್ಮ ಗೆದ್ದ ಖುಷಿಯಲ್ಲಿ ಉಳಿದ ಮಾತ್ರೆಗಳನ್ನು ಹೊಳೆಗೆ ಎಸೆಯುತ್ತಾಳೆ. ನನ್ನ ತಮ್ಮನೂ ಹಾಗೆ ಯಾರನ್ನೂ ಕೇಳದೆ ಒಂದೇ ದಿನ ನಿಲ್ಲಿಸಿದ್ದ. ಮೂರನೇ ದಿನ ತಲೆ ತಿರುಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ ಅಂದ. ನಮಗೆ ಯಾರಿಗೂ ಅರ್ಥವಾಗಲಿಲ್ಲ, ಬೈದೆವು. ಇಂಥ ಮಾತ್ರೆಯನ್ನು ಡಾಕ್ಟರ ಜೊತೆ ಮಾತಾಡಿ ಮೆಲ್ಲಗೆ ಇಳಿಸಬೇಕು ಅಂತ ಆಮೇಲೆ ತಿಳಿಯಿತು. ನಿಮ್ಮ ಕಥೆ ಓದಿ ಒಬ್ಬರು ಹೊಳೆಗೆ ಎಸೆದರೂ ನನಗೆ ನಿದ್ದೆ ಬರುವುದಿಲ್ಲ.

ಎಸೆಯುವ ದೃಶ್ಯದ ಬದಲು ಇಪ್ಪತ್ತೆರಡನೇ ದಿನ ಬರೆದು ನೋಡಿ. ಅವತ್ತು ಅವಳು ಹಾಡುವುದು ಬೇಡ. ತಾನಾಗಿ ಎದ್ದು ತಲೆ ಬಾಚಿಕೊಂಡರೆ ಸಾಕು. 1,500 ಪದದೊಳಗೆ ಇರಲಿ. ಕಥೆಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನು ನಾವೇ ಹಾಕುತ್ತೇವೆ.