ಮುಹರಕ್‌ನ ಹಳೇ ಹವಳದ ಕಲ್ಲಿನ ಗೋಡೆಗೆ ಸಿಮೆಂಟ್ ಹಾಕೋದಾ, ಎಪಾಕ್ಸಿ ಹೊಡೆಯೋದಾ?

ಎರಡೂ ಬೇಡ. ಮುತ್ತಿನ ವ್ಯಾಪಾರಿ ಕಟ್ಟಿಸಿದ ಮನೆ, ಗೋಡೆ ಬುಡ ಉದುರ್ತಿದೆ, ಕೆಫೆ ಶುರು ಮಾಡೋಕೆ ಓನರ್‌ಗೆ ಅರ್ಜೆಂಟು ಅಂತ ಬರ್ದಿದ್ದೀರಲ್ಲ, ಓದ್ತಿದ್ದ ಹಾಗೇ ನನ್ನ ಹಳೇ ಸೈಟು ಕಣ್ಮುಂದೆ ಬಂತು. ನಾನೂ ಬಹ್ರೇನ್‌ನಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ, ಅದೇ ಮುಹರಕ್, ಅಂಥದ್ದೇ ಮನೆ.

ಆ ಗೋಡೆ ನಮ್ಮೂರ ಕಲ್ಲುಗೋಡೆ ಥರ ಅಲ್ಲ. ಸಮುದ್ರದಿಂದ ಎತ್ತಿದ ಹವಳದ ಕಲ್ಲು, ಮೈಯೆಲ್ಲ ತೂತು, ಒಳಗೆ ಮೊದ್ಲಿಂದಾನೂ ಉಪ್ಪು. ದಪ್ಪ ಕಂಬಗಳ ಮಧ್ಯೆ ತೆಳು ಹವಳದ ಚಪ್ಪಡಿ ನಿಲ್ಲಿಸಿ ಮೇಲೆ ಜಿಪ್ಸಮ್ ಗಾರೆ ಬಳಿದಿರ್ತಾರೆ. ನೆಲದ ತೇವ ಮೇಲೇರಿ ಆ ಗಾರೆಯಿಂದಾನೇ ಆರಿ ಹೋಗ್ಬೇಕು. ಸಿಮೆಂಟಾಗ್ಲಿ, ಎಪಾಕ್ಸಿ ಅನ್ನೋ ಗಟ್ಟಿಯಾಗೋ ಅಂಟಾಗ್ಲಿ ಆ ದಾರೀನೇ ಮುಚ್ಚಿಬಿಡುತ್ತೆ.

ನಾನು ಗಾರೆ ಕೆರೆಸಿ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಹಾಕಿಸ್ದೆ, ಮೇಲೆ ವಾಟರ್‌ಪ್ರೂಫ್ ಪೇಂಟ್. ವಯಸ್ಸಾದ ಮೇಸ್ತ್ರಿ ಒಬ್ರು ಬೇಡ ಅಂದ್ರು, ಕೇಳ್ಲಿಲ್ಲ. ಬೇಸಿಗೆ ಪೂರ್ತಿ ಗೋಡೆ ನುಣ್ಣಗಿತ್ತು. ಚಳಿಗಾಲಕ್ಕೆ ನೋಡಿದ್ರೆ, ಹೊರಗೆ ಬರೋಕೆ ದಾರಿ ಸಿಗದ ತೇವ ಸಿಮೆಂಟ್ ಹಿಂದಿಂದಾನೇ ಏರಿ ಮೇಲಿದ್ದ ಜಿಪ್ಸಮ್ ಕೆತ್ತನೆ ಪಟ್ಟಿಗೆ ಮುಟ್ಟಿತ್ತು. ಹೆಬ್ಬೆರಳು ಇಟ್ರೆ ಹೂವಿನ ಎಸಳು ಹಿಟ್ಟಾಗಿ ಕೈಗೆ ಬರ್ತಿತ್ತು. ಸಿಮೆಂಟ್ ಒಡೆಸಿದ್ರೆ ಹಲಗೆ ಥರ ಎದ್ದು ಬಂತು, ಜೊತೆಗೆ ಕಲ್ಲಿನ ಮುಖಾನೂ ಕಿತ್ಕೊಂಡು ಬಂತು, ಹಿಂದೆ ಹತ್ತಿ ಥರ ಬಿಳೀ ಉಪ್ಪು. ಸಿಮೆಂಟಿಗಿಂತ ದೊಡ್ಡ ತಪ್ಪು ಅಂದ್ರೆ, ಅಷ್ಟು ನೀರು ಎಲ್ಲಿಂದ ಬರ್ತಿದೆ ಅಂತ ನಾನು ನೋಡೇ ಇರ್ಲಿಲ್ಲ. ಪಕ್ಕದ ರೂಮಿನ ಎಸಿ ಪೈಪು ಅದೇ ಗೋಡೆ ಬುಡಕ್ಕೆ ತೊಟ್ಟಿಕ್ತಿತ್ತು, ದಿನಾ ಅದನ್ನ ದಾಟ್ಕೊಂಡೇ ಓಡಾಡ್ತಿದ್ದೆ. ಕೆಲಸ ಹೋಯ್ತು, ಅದನ್ನ ಹೇಗೋ ಸುಧಾರಿಸ್ಕೊಂಡೆ, ಆ ಕೆತ್ತನೆ ಮಾತ್ರ ವಾಪಸ್ ಬರ್ಲಿಲ್ಲ.

ಇಂಥ ಮನೆ ಇನ್ಯಾರೂ ಕಟ್ಟಿಸಲ್ಲ. ಜಪಾನಿನ ಕಲ್ಚರ್ಡ್ (ಸಾಕಿ ಬೆಳೆಸಿದ) ಮುತ್ತು, 1929ರ ಆರ್ಥಿಕ ಕುಸಿತ ಎರಡೂ ಸೇರಿ ಆ ವ್ಯಾಪಾರಾನೇ ಮುಳುಗಿಸಿದ್ವು, 1932ರಲ್ಲಿ ಪೆಟ್ರೋಲಿಯಂ ಎಣ್ಣೆ ಸಿಕ್ಕಿದ್ಮೇಲೆ ಊರಿನ ದಿಕ್ಕೇ ಬದಲಾಯ್ತು.

ಮೊದ್ಲು ನೀರು ನಿಲ್ಲಿಸಿ, ಒಂದು ಪೂರ್ತಿ ಬೇಸಿಗೆ ಗೋಡೆ ಒಣಗ್ಲಿ, ಆಮೇಲೆ ಜಿಪ್ಸಮ್ ಇಲ್ಲ ಸುಣ್ಣದ ಗಾರೆ. ಹಾಲ್ ದೊಡ್ಡದು ಮಾಡೋಕೆ ಮಧ್ಯದ ಗೋಡೆ ಒಡೆಯೋ ಪ್ಲ್ಯಾನ್ ಅಂತೂ ಬಿಟ್ಬಿಡಿ. ಮಾಡಿನ ತೊಲೆಗಳು ಪೂರ್ವ ಆಫ್ರಿಕಾದಿಂದ ಹಡಗಲ್ಲಿ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಮರದ್ದು, ಅದರ ಉದ್ದಕ್ಕೆ ತಕ್ಕ ಹಾಗೆ ಹತ್ತಡಿ ಆಸುಪಾಸು ಅಗಲದ ರೂಮು ಕಟ್ತಿದ್ರು, ಆ ಗೋಡೆ ಹೋದ್ರೆ ಮಾಡಿಗೆ ಆಧಾರಾನೇ ಇಲ್ಲ. ಓನರ್‌ನ ಒಂದ್ಸಲ ಮುಹರಕ್‌ನಲ್ಲೇ ಇರೋ ಮುತ್ತಿನ ವ್ಯಾಪಾರಿ ಸಿಯಾದಿ ಅವರ ಹಳೇ ಮನೆಗೆ ಕರ್ಕೊಂಡು ಹೋಗಿ, 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುತ್ತಿನ ದಾರಿಯಲ್ಲೇ (ಮುತ್ತಿನ ವ್ಯಾಪಾರದ ಹಳೇ ಕಟ್ಟಡಗಳನ್ನ ಜೋಡಿಸೋ ಹಾದಿ) ಇದೆ, ಮುತ್ತಿನ ದುಡ್ಡಲ್ಲಿ ಎಂಥ ಕೆಲಸ ಮಾಡಿಸ್ತಿದ್ರು ಅಂತ ಅವರೇ ನೋಡ್ಲಿ. ನೀವು ನಾಳೆ ಸೈಟಿಗೆ ಹೋದ ಕೂಡ್ಲೇ ಎಸಿ ಪೈಪು ಎಲ್ಲಿಗೆ ಬಿಟ್ಟಿದ್ದಾರೆ ಅಂತ ನೋಡಿ.