2020ರ ಕೊರೊನಾ ಲಾಕ್‌ಡೌನ್‌ನಿಂದ ಆದ ನಷ್ಟಕ್ಕೆ ತಕ್ಕ ಉಪಯೋಗ ಆಯಿತಾ?

ಚಿಕ್ಕಬಳ್ಳಾಪುರದ ಹೂವಿನ ರೈತರ ನಷ್ಟ ನೋಡಿ ನೀವು ಹೀಗೆ ಕೇಳಿದ್ದೀರಿ. ಹೆಚ್ಚಿನವರು 2020ನ್ನು 2019ರ ಜೊತೆ ಹೋಲಿಸುತ್ತಾರೆ. ಅದು ಸರಿಯಾದ ಲೆಕ್ಕ ಅಲ್ಲ. ಸರ್ಕಾರ ಸುಮ್ನೆ ಇದ್ದಿದ್ದರೂ ಜನ ಭಯಕ್ಕೇ ಮದುವೆ, ಜಾತ್ರೆ ಮುಂದೂಡುತ್ತಿದ್ದರು. ಸೇವಂತಿಗೆ ಬೆಲೆ ಆಗಲೂ ಬೀಳುತ್ತಿತ್ತು, ಅಲ್ವಾ? ಆದೇಶದಿಂದಲೇ ಆದ ಹೆಚ್ಚುವರಿ ನಷ್ಟವನ್ನು ಮಾತ್ರ ಎಣಿಸಬೇಕು. ಆ ವರ್ಷ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ (ಒಟ್ಟು ಉತ್ಪಾದನೆಯ ಮೌಲ್ಯ) ಸುಮಾರು ಶೇ 24ರಷ್ಟು ಕುಸಿಯಿತು. ಅಷ್ಟನ್ನೂ ಲಾಕ್‌ಡೌನ್ ತಲೆಗೆ ಕಟ್ಟುವಂತಿಲ್ಲ.

ಸಿಕ್ಕ ಲಾಭ ಎಂದರೆ ಸಿದ್ಧತೆಗೆ ಸಮಯ. ಗೌರಿಬಿದನೂರಿನಲ್ಲಿ ಮಾರ್ಚ್‌ನಲ್ಲೇ ಸೋಂಕು ಕಂಡಿತ್ತು. ಆಗ ಟೆಸ್ಟ್ ಕಿಟ್, ಪಿಪಿಇ (ಆಸ್ಪತ್ರೆ ಸಿಬ್ಬಂದಿಯ ರಕ್ಷಣಾ ಉಡುಪು) ಎಲ್ಲಕ್ಕೂ ಪರದಾಟ. ಹಾಗಾಗಿ ಮೊದಲ ಕೆಲವು ವಾರಗಳಿಗೆ ಬೆಲೆ ಇತ್ತು. ಆಮೇಲೆ ಪ್ರತಿ ವಾರ ಲಾಭ ಇಳಿಯುತ್ತಾ ಹೋಗುತ್ತದೆ, ದಿನಗೂಲಿಯವರ ಸಾಲ ಮಾತ್ರ ಏರುತ್ತದೆ.

ನಷ್ಟ ಯಾರ ಮೇಲೆ ಬಿತ್ತು ಅನ್ನೋದನ್ನೂ ನೋಡಬೇಕು. ಮೇ 2020ರಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು, ಅದೂ ಒಂದು ಹೆಕ್ಟೇರಿನವರೆಗೆ. ಜಮೀನೇ ಇಲ್ಲದೆ ಹೂ ಬಿಡಿಸಲು ಹೋಗುವ ಹೆಂಗಸರಿಗೆ ಹೆಕ್ಟೇರಿನ ಲೆಕ್ಕದಲ್ಲಿ ಏನು ಸಿಗುತ್ತದೆ?

ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿಯಾಗಿದ್ದು ಶಾಲೆ ಮುಚ್ಚಿದ್ದು. ರಾಜ್ಯದಲ್ಲಿ ಮದ್ಯದಂಗಡಿಗಳು 2020ರ ಮೇ 4ಕ್ಕೇ ತೆರೆದವು. 1ರಿಂದ 5ನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ನಷ್ಟ ಯಾವ ಜಿಡಿಪಿ ಅಂಕಿಯಲ್ಲೂ ಇನ್ನೂ ಪೂರ್ತಿ ಬಂದಿಲ್ಲ.