26 ಪಂದ್ಯ ಗೆದ್ದ ಬಾಕ್ಸರ್ 27ನೆಯದರಲ್ಲಿ ಎರಡು ನಿಮಿಷವೂ ನಿಲ್ಲಲಿಲ್ಲ, ಹಾಗಾದರೆ ಹಳೇ ಗೆಲುವುಗಳೆಲ್ಲ ಸುಳ್ಳಾ?

ನಿಮ್ಮ ಪ್ರಶ್ನೆ ಇಷ್ಟು: 26ಕ್ಕೆ 26 ಗೆದ್ದವನು ಚಾಂಪಿಯನ್ ಎದುರು ಮೊದಲ ರೌಂಡಲ್ಲೇ ಮಲಗಿಬಿಟ್ಟ, ಹಾಗಾದರೆ ಅದೆಲ್ಲ ಫಿಕ್ಸಿಂಗ್ ಆಗಿತ್ತಾ, ಆ ಹುಡುಗನಿಗೆ ಮೋಸ ಆಯ್ತಾ?

ಸುಳ್ಳಲ್ಲ. ಹೆಚ್ಚಿನ ಸಲ ಫಿಕ್ಸಿಂಗೂ ಅಲ್ಲ. ಹುಡುಗ ನಿಜವಾಗಿಯೇ ಹೊಡೆದಿರುತ್ತಾನೆ, ಎದುರಿನವನು ನಿಜವಾಗಿಯೇ ಸೋತಿರುತ್ತಾನೆ. ಸೋಲುವಂಥವರನ್ನೇ ಹುಡುಕಿ ತಂದಿರುತ್ತಾರೆ, ಅಷ್ಟೇ.

ಇದರಲ್ಲಿ ಮೊದಲು ನೋಡಬೇಕಾದ್ದು ಜೋಡಿ ಕಟ್ಟೋದು ಯಾರು ಅಂತ. ನಮ್ಮ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿ ನೋಡಿದ್ದರೆ ಗೊತ್ತಿರುತ್ತದೆ, ಪೈಲ್ವಾನರ ತೂಕ, ವಯಸ್ಸು, ಯಾವ ಗರಡಿ, ಯಾರ ಶಿಷ್ಯ ಎಲ್ಲ ನೋಡಿ ಹಿರಿಯರು ಜೋಡಿ ಕಟ್ಟುತ್ತಾರೆ, ಜೋಡಿ ಸರಿಯಿಲ್ಲ ಅನ್ನಿಸಿದರೆ ಅಖಾಡದ ಸುತ್ತ ಕೂತ ಜನ ಸುಮ್ನೆ ಬಿಡಲ್ಲ. ಪ್ರೊಫೆಶನಲ್ ಬಾಕ್ಸಿಂಗ್‌ನಲ್ಲಿ ಆ ಕೆಲಸ ಮ್ಯಾಚ್‌ಮೇಕರ್‌ದು. ಅವನಿಗೆ ದುಡ್ಡು ಕೊಡೋನು ಪ್ರಮೋಟರ್, ಅಂದರೆ ಪಂದ್ಯ ಏರ್ಪಡಿಸೋನು. ಪ್ರಮೋಟರ್ ಜೊತೆ ಕರಾರು ಇರೋದು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬನಿಗೆ ಮಾತ್ರ. ಹಾಗಿದ್ದಾಗ ಇನ್ನೊಬ್ಬನನ್ನು ಗೆಲ್ಲಿಸೋಕೆ ಅಂತ ಯಾರು ಕರೆಸುತ್ತಾರೆ ಹೇಳಿ?

ಆ ಇನ್ನೊಬ್ಬನಿಗೆ ಇಂಗ್ಲೆಂಡ್ ಕಡೆ ಜರ್ನಿಮ್ಯಾನ್ ಅಂತಾರೆ. ನನ್ನನ್ನು ಕೇಳಿದರೆ ಈ ಇಡೀ ವ್ಯವಹಾರದಲ್ಲಿ ನೋಡಬೇಕಾದ ಮನುಷ್ಯ ಇವನೇ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 2008ರಲ್ಲಿ ನಿವೃತ್ತಿ ಆಗುವಾಗ 300 ಪಂದ್ಯ ಆಡಿದ್ದರು, ಅದರಲ್ಲಿ 256 ಸೋಲು, 32 ಗೆಲುವು, 12 ಡ್ರಾ. ಇನ್ನೊಬ್ಬರು ಕ್ರಿಸ್ಟಿಯನ್ ಲೈಟ್, 2018ರಲ್ಲಿ ಅವರೂ 300ಕ್ಕೆ ನಿಲ್ಲಿಸಿದರು, 279 ಸೋತು. ಇಷ್ಟು ಸೋತವರು ದಡ್ಡರು ಅಂದುಕೊಳ್ಳಬೇಡಿ. ಚಿಕ್ಕ ಹಾಲ್‌ಗಳಲ್ಲಿ ನಾಲ್ಕು ರೌಂಡಿನ ಪಂದ್ಯ, ಊರಿನ ಹುಡುಗ ತನ್ನ ನೆಂಟರು ಗೆಳೆಯರಿಗೆಲ್ಲ ಟಿಕೆಟ್ ಮಾರಿರುತ್ತಾನೆ, ಅಂಕ ಕೊಡೋದು ಒಬ್ಬನೇ ರೆಫರಿ. ಅಲ್ಲಿ ಜರ್ನಿಮ್ಯಾನ್ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಹಗ್ಗಕ್ಕೆ ಒರಗಿ, ಹುಡುಗನ ಹೊಡೆತವನ್ನೆಲ್ಲ ತೋಳ ಮೇಲೆ ತಗೊಂಡು, ಆಗಾಗ ಒಂದು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಕೊಟ್ಟು, ಅಂಕದಲ್ಲಿ ಸೋತು ಮನೆಗೆ ಹೋಗುತ್ತಾನೆ. ನಾಕೌಟ್ ಮಾತ್ರ ಆಗಬಾರದು. ನಾಕೌಟ್ ಆಗಿಬಿಟ್ಟರೆ ವೈದ್ಯಕೀಯ ನಿಯಮದ ಪ್ರಕಾರ ಕೆಲವು ವಾರ ರಿಂಗ್‌ಗೆ ಇಳಿಯೋ ಹಾಗಿಲ್ಲ, ಅಷ್ಟೂ ವಾರದ ಸಂಪಾದನೆ ಹೋಯ್ತು. ಪೋಸ್ಟರ್ ಮೇಲೆ ದೊಡ್ಡದಾಗಿ ಹಾಕೋ ಆ ಗೆಲುವುಗಳಲ್ಲಿ ಎಷ್ಟೋ ಇಂಥವರ ಬೆವರು. ಬಕ್ಲಿ ತಮ್ಮ 300ನೇ ಪಂದ್ಯ ಗೆದ್ದರು ಅನ್ನೋದನ್ನೂ ಹೇಳಿಬಿಡುತ್ತೇನೆ, ನನಗೆ ಅದು ಬಹಳ ಖುಷಿ ಕೊಟ್ಟ ಸುದ್ದಿ.

ಇಷ್ಟೆಲ್ಲ ಯಾಕೆ ಮಾಡುತ್ತಾರೆ ಅಂದರೆ, ಸೋಲಿನ ಕಾಲಂನಲ್ಲಿರೋ ಸೊನ್ನೆಗೆ ಮಾರ್ಕೆಟ್‌ನಲ್ಲಿ ಬೆಲೆ ಇದೆ. ಟಿವಿಯವರಿಗೆ ಅದು ಬೇಕು, ರ‍್ಯಾಂಕಿಂಗ್ ಕೊಡೋ ಸಂಸ್ಥೆಗಳಿಗೂ ಅದು ಕಣ್ಣಿಗೆ ಬೀಳುತ್ತದೆ. ಆದರೆ ಆ ಸೊನ್ನೆಯನ್ನು ಸಾಮಾನ್ಯವಾಗಿ ಒಂದೇ ಸಲ ಮಾರೋಕೆ ಆಗೋದು. ಆದ್ದರಿಂದ ಬುದ್ಧಿವಂತ ಮ್ಯಾನೇಜರ್ ಅದನ್ನು ಜೋಪಾನ ಮಾಡಿಟ್ಟುಕೊಂಡು ದೊಡ್ಡ ಗಿರಾಕಿ ಬರೋವರೆಗೆ ಕಾಯುತ್ತಾನೆ. ಗಿರಾಕಿ ಅಂದರೆ ದೊಡ್ಡ ಹೆಸರಿನ ಚಾಂಪಿಯನ್. ಅವನಿಗೂ ಕಾಗದದ ಮೇಲೆ ಚೆನ್ನಾಗಿ ಕಾಣೋ, ರಿಂಗ್‌ನಲ್ಲಿ ಅಪಾಯ ಇಲ್ಲದ ಎದುರಾಳಿಯೇ ಬೇಕು.

ಪೂರ್ತಿ ಸೊನ್ನೆಯೇ ಇರಬೇಕು ಅಂತಲೂ ಇಲ್ಲ. 1995ರಲ್ಲಿ ಮೈಕ್ ಟೈಸನ್ ಜೈಲಿಂದ ಹೊರಬಂದ ಮೇಲೆ ಮೊದಲ ಪಂದ್ಯಕ್ಕೆ ಆರಿಸಿದ್ದು ಬಾಸ್ಟನ್ ಕಡೆಯ ಪೀಟರ್ ಮೆಕ್‌ನೀಲಿಯನ್ನು. 36 ಗೆಲುವು, ಒಂದು ಸೋಲು. ಕೇಳೋಕೆ ಭರ್ಜರಿ, ಅಲ್ವಾ? ಗೆದ್ದ 36ರಲ್ಲಿ ಬಾಕ್ಸಿಂಗ್ ನೋಡೋರಿಗೆ ಗೊತ್ತಿರೋ ಹೆಸರು ಹುಡುಕಿದರೆ ಸಿಗಲ್ಲ. ಆಗಸ್ಟ್ 19, ಲಾಸ್ ವೇಗಸ್. ಗಂಟೆ ಹೊಡೆದ ತಕ್ಷಣ ಮೆಕ್‌ನೀಲಿ ಟೈಸನ್ ಮೇಲೆ ನುಗ್ಗಿದ, ಕೆಲವೇ ಸೆಕೆಂಡಲ್ಲಿ ಕೆಳಗೆ ಬಿದ್ದ, ಎದ್ದು ಏನೂ ಆಗಿಲ್ಲ ಅನ್ನೋ ಹಾಗೆ ರಿಂಗ್ ಸುತ್ತ ಓಡಿದ, ಮತ್ತೆ ನುಗ್ಗಿದ, ಮತ್ತೆ ಬಿದ್ದ. ಅಷ್ಟರಲ್ಲಿ ಅವನ ಮ್ಯಾನೇಜರ್ ವಿನ್ನಿ ವೆಕ್ಕಿಯೋನೆ ರಿಂಗ್ ಒಳಗೆ ಬಂದೇಬಿಟ್ಟ, ರೆಫರಿ ಮಿಲ್ಸ್ ಲೇನ್ ಅನರ್ಹ ಅಂತ ಘೋಷಿಸಿದ. ಒಟ್ಟು 89 ಸೆಕೆಂಡ್. ಜನ ಕೂಗಾಡಿದರು. ಆದರೆ ಮೆಕ್‌ನೀಲಿಗೆ ಆ ರಾತ್ರಿ ಸಿಕ್ಕಿದ್ದು ಐದು ಲಕ್ಷ ಡಾಲರ್‌ಗಿಂತ ಜಾಸ್ತಿ. ವೆಕ್ಕಿಯೋನೆಯನ್ನು ಎಲ್ಲರೂ ಬೈತಾರೆ, ನಾನು ಬೈಯಲ್ಲ. ಗೆಲ್ಲೋ ಮಾತೇ ಇರಲಿಲ್ಲ, ದುಡ್ಡು ಬಂದಾಗಿತ್ತು, ಇನ್ನು ಉಳಿಸಿಕೊಳ್ಳಬೇಕಾಗಿದ್ದು ಹುಡುಗನ ತಲೆ ಒಂದೇ. ತಮಾಷೆ ಅಂದರೆ ಇವನ ಅಪ್ಪ ಟಾಮ್ ಮೆಕ್‌ನೀಲಿ ಕೂಡ 1961ರಲ್ಲಿ ಸೋಲಿಲ್ಲದ ದಾಖಲೆ ಹಿಡಿದುಕೊಂಡೇ ಹೆವಿವೇಟ್ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಎದುರು ಹೋಗಿ ನಾಲ್ಕನೇ ರೌಂಡಲ್ಲಿ ನಾಕೌಟ್ ಆಗಿದ್ದರು!

ಡೆನ್ಮಾರ್ಕಿನ ಬ್ರಯಾನ್ ನೀಲ್ಸನ್ ಕಥೆ ಸ್ವಲ್ಪ ಬೇರೆ. ಒಲಿಂಪಿಕ್ ಕಂಚು ಗೆದ್ದವನು, ಹಾಗಾಗಿ ಏನೂ ಬಾರದವನಲ್ಲ. ಸತತ 49 ಗೆದ್ದು, ಒಂದೂ ಸೋಲದೆ ನಿವೃತ್ತನಾದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ದಾಖಲೆಗೆ ಸಮ ಆದ. 1999ರಲ್ಲಿ 50ನೆಯದಕ್ಕೆ ಡಿಕಿ ರಯಾನ್ ಅನ್ನೋ ಅಷ್ಟೇನೂ ಹೆಸರಿಲ್ಲದ ಅಮೆರಿಕನ್‌ನನ್ನು ಕರೆಸಿದರು, ಅವನು ಹತ್ತನೇ ರೌಂಡಲ್ಲಿ ಸೋಲಿಸಿಬಿಟ್ಟ. ಸೊನ್ನೆ ಹೋದ ಮೇಲೂ ನೀಲ್ಸನ್‌ಗೆ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಟೈಸನ್ ಜೊತೆ ಪಂದ್ಯ ಸಿಕ್ಕಿತು, ಯಾಕಂದರೆ ಊರಿನ ಜನ ಅವನಿಗೋಸ್ಕರ ಟಿಕೆಟ್ ತಗೊಳ್ಳುತ್ತಿದ್ದರು. ಆರು ರೌಂಡ್ ಆದ ಮೇಲೆ ಅವನು ಸ್ಟೂಲ್‌ನಿಂದ ಏಳಲಿಲ್ಲ.

ಹಾಗಂತ ಸುಲಭದ ಎದುರಾಳಿಗಳ ಮೇಲೆ ಬೆಳೆದವರೆಲ್ಲ ಪೊಳ್ಳು ಅನ್ನೋ ಹಾಗಿಲ್ಲ. ಅಮೆರಿಕದ ಹೆವಿವೇಟ್ ಡಿಯೊಂಟೇ ವೈಲ್ಡರ್ ಬಾಕ್ಸಿಂಗ್ ಕಲಿಯೋಕೆ ಶುರುಮಾಡಿದ್ದೇ ತಡವಾಗಿ. ಮೊದಲ 32 ಪಂದ್ಯವನ್ನೂ ನಾಲ್ಕು ರೌಂಡಿನ ಒಳಗೇ ಮುಗಿಸಿದ, ಎಲ್ಲರೂ ನಕ್ಕರು. 2015ರ ಜನವರಿಯಲ್ಲಿ ಬರ್ಮೇನ್ ಸ್ಟಿವರ್ನ್ ಎದುರು 12 ರೌಂಡ್ ಪೂರ್ತಿ ನಿಂತು ಚಾಂಪಿಯನ್ ಬೆಲ್ಟ್ ಗೆದ್ದು, ಐದು ವರ್ಷ ಇಟ್ಟುಕೊಂಡ. ಹೊಸಬನಿಗೆ ಮೊದಲ ಹತ್ತು ಹನ್ನೆರಡು ಪಂದ್ಯ ಸುಲಭ ಇರೋದು ತಪ್ಪಲ್ಲ, ಅದು ಕಲಿಯೋ ಕಾಲ. ಹದಿನೈದು ಇಪ್ಪತ್ತರ ಹೊತ್ತಿಗೂ ಎದುರಾಳಿ ಗಟ್ಟಿಯಾಗದೇ ಇದ್ದರೆ ಅನುಮಾನ ಪಡಿ. ಏಟು ತಿಂದು ಚೇತರಿಸಿಕೊಳ್ಳೋದು ಹೇಗೆ, ಉಸಿರು ಕಟ್ಟಿದಾಗ ಎಂಟನೇ ರೌಂಡ್ ದಾಟೋದು ಹೇಗೆ ಅನ್ನೋದನ್ನು ಜಿಮ್‌ನಲ್ಲಿ ಯಾರೂ ಪೂರ್ತಿ ಕಲಿಸೋಕೆ ಆಗಲ್ಲ. ನೀವು ನೋಡಿದ ಹುಡುಗ ಬಿದ್ದಿದ್ದು ಬಹುಶಃ ಇದಕ್ಕೇ.

ನೀವೇ ಪರೀಕ್ಷೆ ಮಾಡಬೇಕು ಅಂದರೆ ಬಾಕ್ಸರ್‌ಗಳ ದಾಖಲೆ ಇಡೋ ಬಾಕ್ಸ್‌ರೆಕ್ ವೆಬ್‌ಸೈಟ್‌ಗೆ ಹೋಗಿ. ಬಾಕ್ಸರ್ ಹೆಸರಿನ ಪಕ್ಕದ ಸಂಖ್ಯೆ ಬಿಡಿ, ಎದುರಾಳಿಗಳ ಸಾಲು ನೋಡಿ. ಪಂದ್ಯದ ಹೊತ್ತಿಗೆ ಆ ಎದುರಾಳಿ ಎಷ್ಟು ಸೋತಿದ್ದ, ಅವನ ಹಿಂದಿನ ನಾಲ್ಕೈದು ಪಂದ್ಯ ಏನಾಗಿತ್ತು, ಮಧ್ಯೆ ಎರಡು ವರ್ಷ ರಿಂಗ್‌ಗೇ ಇಳಿದಿರಲಿಲ್ಲವಾ, ಎಲ್ಲ ಪಂದ್ಯವೂ ಒಂದೇ ಊರಲ್ಲಿ ಆಯ್ತಾ. ನಾನು ಭಾನುವಾರ ಬೆಳಗ್ಗೆ ಅಮೆರಿಕದ ಪಂದ್ಯ ಶುರುವಾಗೋ ಮುಂಚೆ ಕಾಫಿ ಕುಡೀತಾ ಮಾಡೋ ಕೆಲಸ ಇದೇ, ಐದು ನಿಮಿಷ ಸಾಕು. ಉಲ್ಟಾ ಕೂಡ ನೋಡಿ. ಸೋಲು ಇದೆ ಅಂತ ಬಾಕ್ಸರ್ ಕಳಪೆ ಅಲ್ಲ. ಮುಹಮ್ಮದ್ ಅಲಿ ಐದು ಸಲ ಸೋತಿದ್ದಾರೆ, ಶುಗರ್ ರೇ ರಾಬಿನ್ಸನ್ 19 ಸಲ.

ಇನ್ನು ಆ ಹುಡುಗನಿಗೆ ಮೋಸ ಆಯ್ತಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಅದು ಕರಾರಿನ ಮೇಲೆ ಹೋಗುತ್ತದೆ. ಮ್ಯಾನೇಜರ್ ಮೂರರಲ್ಲೊಂದು ಪಾಲು ತಗೊಳ್ಳೋದು ಮಾಮೂಲಿ, ಟ್ರೇನರ್‌ಗೆ ಹತ್ತು ಪರ್ಸೆಂಟ್, ಆಮೇಲೆ ಖರ್ಚು, ತೆರಿಗೆ. ಹಿಂದೆ ಇನ್ನೂ ಕೆಟ್ಟದಾಗಿತ್ತು. ಇಟಲಿಯ ದೈತ್ಯ ಪ್ರಿಮೊ ಕಾರ್ನೇರಾನನ್ನು ಗ್ಯಾಂಗ್‌ಸ್ಟರ್‌ಗಳೇ ಬೆಳೆಸಿ 1933ರಲ್ಲಿ ಚಾಂಪಿಯನ್ ಮಾಡಿದರು, ಮರುವರ್ಷ ಮ್ಯಾಕ್ಸ್ ಬೇರ್ ಅವನನ್ನು ಮತ್ತೆ ಮತ್ತೆ ಕೆಡವಿ ಸೋಲಿಸಿದ, ಬಂದ ದುಡ್ಡಿನ ಬಹುಪಾಲು ಅವನ ಸುತ್ತ ಇದ್ದವರೇ ತಿಂದರು. ಅವನು ಚೆನ್ನಾಗಿ ದುಡ್ಡು ಕಂಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಮೆರಿಕದಲ್ಲಿ ಕುಸ್ತಿ ಆಡಿ. ನಿಮ್ಮ ಹುಡುಗನ ಹೆಸರು ಹೇಳಿ, ಅವನ ಎದುರಾಳಿಗಳ ಪಟ್ಟಿ ನೋಡಿ ಹೇಳುತ್ತೇನೆ.